ಅಲುಗಾಡದ ಕುರ್ಚಿಗಳ ಮನೆ

ನಮ್ಮ ಮನೆಗೆ ಬಂದವರು ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಳ್ಳಲು ಹೋಗಿ ಪೆಚ್ಚಾಗುತ್ತಿದ್ದರು. ಕುರ್ಚಿ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ನಮ್ಮಣ್ಣ ಬಡಗಿ. ಮಗಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲವೆಂದು ಗೊತ್ತಾದ ಮೇಲೆ, ಅವಳು ನಡೆಯಲು ಕಲಿಯುವಷ್ಟರಲ್ಲಿ ಮೇಜು, ಕುರ್ಚಿ, ಸ್ಟೂಲು, ಕೊನೆಗೆ ಚಪ್ಪಲಿ ಸ್ಟ್ಯಾಂಡನ್ನೂ ಸ್ಕ್ರೂ ಹಾಕಿ ನೆಲಕ್ಕೆ ಬಿಗಿದುಬಿಟ್ಟಿದ್ದ. ಮಗು ಎಡವಬಾರದು, ಅಷ್ಟೇ ಅವನ ಯೋಚನೆ. ಅತ್ತಿಗೆ ಬೆಳಗ್ಗೆಯೇ ಕೆಲಸಕ್ಕೆ ಹೋಗುವವಳಾದ್ದರಿಂದ ಮನೆ ಗುಡಿಸುವವಳು ನಾನು. ಕುರ್ಚಿಗಳ ಕೆಳಗೆ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋದದ್ದನ್ನು ಯಾರೂ ಕೇಳಲಿಲ್ಲ.

ಮಗಳೋ, ಚಿನಕುರುಳಿ. ನಾವೆಲ್ಲ ಕರೆಯುವುದೂ ಹಾಗೆಯೇ. ಮನೆಯೊಳಗೆ ಅವಳ ಓಡಾಟ ನೋಡಿದವರು, ಕಣ್ಣು ಕಾಣುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ಅಣ್ಣನಿಗೆ ಅದೇ ಹೆಮ್ಮೆ. ಹೊಸ್ತಿಲು ದಾಟಿದರೆ ಮಾತ್ರ ಅವಳು ಯಾರದಾದರೂ ಕೈಗೆ ಜೋತುಬೀಳುತ್ತಿದ್ದಳು. ಅದು ಅವನ ಗಮನಕ್ಕೇ ಬರಲಿಲ್ಲ.

ಹತ್ತಿರದ ಶಾಲೆ ಏಳನೇ ತರಗತಿಗೆ ಮುಗಿಯಿತು. ಮುಂದೆ ಓದಬೇಕೆಂದರೆ ದೂರದ ಹೈಸ್ಕೂಲು, ಅದರ ಹಾಸ್ಟೆಲು. ಬ್ರೈಲ್ ಪುಸ್ತಕಗಳೂ ಮಾತಾಡುವ ಕಂಪ್ಯೂಟರೂ ಇರುವುದು ಅಲ್ಲೇ. ಆದರೆ ಅಲ್ಲಿಯ ವಾರ್ಡನ್ ಒಂದು ಪದ್ಧತಿ ಇಟ್ಟಿದ್ದರು. ಸೇರುವ ಮಗು ಹಾಸ್ಟೆಲಿನ ಅಡುಗೆಮನೆಯಲ್ಲಿ ತಾನೇ ಟೀ ಮಾಡಿ ಎಲ್ಲರಿಗೂ ತಂದುಕೊಡಬೇಕು. ಮನೆಯವರು ಎದುರೇ ಕೂತಿದ್ದರೂ ತುಟಿ ಪಿಟಕ್ಕೆನ್ನಬಾರದು. ಆಗದಿದ್ದರೆ ಮುಂದಿನ ವರ್ಷ ಬನ್ನಿ ಎನ್ನುತ್ತಾರೆ. ಒಂದು ವರ್ಷ ಮನೆಯಲ್ಲಿ ಕುಳಿತ ಮಗಳನ್ನು ಅಣ್ಣ ಮತ್ತೆ ಕಳಿಸುವವನಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಟೀಚರ್ ಮನೆಗೆ ಬಂದರು. ಕುರ್ಚಿ ಎಳೆದರು, ಬರಲಿಲ್ಲ. ಬಗ್ಗಿ ನೋಡಿದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಇವಳು ನಡೆಯುವುದನ್ನು ಕಲಿತಿಲ್ಲ, ಈ ಮನೆಯನ್ನು ಬಾಯಿಪಾಠ ಮಾಡಿದ್ದಾಳೆ, ಮೊದಲು ಸ್ಕ್ರೂ ಬಿಚ್ಚಿ ಎಂದರು. ಅಣ್ಣ ಕೆಂಡಾಮಂಡಲವಾದ. ಮಗಳ ಮೊಣಕಾಲು ಒಡೆಯಲು ನಾನೇ ದಾರಿ ಮಾಡಿಕೊಡಬೇಕಾ ಎಂದು ರೇಗಿ ಹೊರಗೆ ಹೋದ.

ಅವನೂ ಟೀಚರೂ ಹೋದದ್ದೇ ತಡ, ಚಿನಕುರುಳಿ ಅಪ್ಪನ ಸಾಮಾನಿನ ಪೆಟ್ಟಿಗೆ ತಡಕಿ ಸ್ಕ್ರೂಡ್ರೈವರ್ ತೆಗೆದಳು. ನೆಲದ ಮೇಲೆ ಕುಳಿತು ಬೆರಳಿನಿಂದ ಸ್ಕ್ರೂವಿನ ತಲೆ ಹುಡುಕಿ ತಿರುಗಿಸತೊಡಗಿದಳು. ತುಕ್ಕು ಹಿಡಿದಿತ್ತು, ಜಗ್ಗಲಿಲ್ಲ. ನಾನು ಎಣ್ಣೆ ತಂದುಕೊಟ್ಟೆ. ಒಳಗೆ ಬಂದ ಅಣ್ಣ ನಮ್ಮಿಬ್ಬರನ್ನೂ ನೋಡಿ ನಿಂತುಬಿಟ್ಟ.

"ಅಪ್ಪಾ, ಹಾಸ್ಟೆಲಲ್ಲಿ ಕುರ್ಚಿ ಎಲ್ಲಾ ಅಲುಗಾಡುತ್ತಂತೆ," ಎಂದಳು ಅವಳು. "ನಂಗೂ ಅಂಥಾವೇ ಬೇಕು."

ಅಣ್ಣ ಅವಳ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡ. ಮುಗಿಯಿತು ಕಥೆ ಎಂದುಕೊಂಡೆ. ಅವನು ಪಕ್ಕದಲ್ಲಿ ಕೂತು, ಹೇಗೆ ಮೈಭಾರ ಹಾಕಿ ತಿರುಗಿಸಬೇಕೆಂದು ತೋರಿಸಿ, ಮತ್ತೆ ಅವಳ ಕೈಗೇ ಕೊಟ್ಟ.

ಆಮೇಲೆ ನನ್ನದೇ ದರ್ಬಾರು. ಬೆಳಗ್ಗೆ ಕಿಟಕಿಯ ಹತ್ತಿರ ಇದ್ದ ಸ್ಟೂಲು ಮಧ್ಯಾಹ್ನ ಬಾಗಿಲ ಹತ್ತಿರ. ಶುರುವಿನಲ್ಲಿ ಅವಳ ಕಾಲೆಲ್ಲ ಬಾವು. ಅಣ್ಣ ನನ್ನನ್ನು ಮಾತಾಡಿಸುವುದನ್ನೇ ಬಿಟ್ಟ, ನಾನೂ ಕ್ಯಾರೇ ಅನ್ನಲಿಲ್ಲ. ಹೊಸ ಜಾಗದಲ್ಲಿ ಮೊದಲು ನಿಂತು ಕೇಳುವುದು, ಕೈಯ ಹಿಂಬದಿಯಿಂದ ಗೋಡೆ ಸವರುತ್ತ ಹೋಗುವುದು, ಬಗ್ಗುವ ಮುಂಚೆ ಮುಖದೆದುರು ಕೈ ಹಿಡಿಯುವುದು, ಎಲ್ಲವನ್ನೂ ಟೀಚರ್ ಕಲಿಸಿದರು. ನಾನು ಅವಳನ್ನು ಪಕ್ಕದ ಮನೆ, ಎದುರು ಮನೆ, ಎಲ್ಲರ ಅಡುಗೆಮನೆಗೂ ನುಗ್ಗಿಸಿ ಟೀ ಮಾಡಿಸಿದೆ. ನಮ್ಮ ಬೀದಿಯವರು ಅಷ್ಟು ಕೆಟ್ಟ ಟೀಯನ್ನು ಜನ್ಮದಲ್ಲಿ ಕುಡಿದಿರಲಿಕ್ಕಿಲ್ಲ.

ಆ ದಿನ ಬಂತು. ಹಾಸ್ಟೆಲಿನ ಉದ್ದನೆಯ ಅಡುಗೆಮನೆಯಲ್ಲಿ, ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಅಣ್ಣ, ಅತ್ತಿಗೆ, ನಾನು ಕುಳಿತೆವು. ಚಿನಕುರುಳಿ ಕೋಲನ್ನು ಬಾಗಿಲಿಗೆ ಒರಗಿಸಿ, ನಿಂತು ಕಿವಿಗೊಟ್ಟಳು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು. ಗೋಡೆ ಹಿಡಿದು ಹೋಗಿ ಒಲೆ ಹುಡುಕಿದಳು. ಡಬ್ಬಿಗಳನ್ನು ಮೂಸಿ ಟೀಪುಡಿ ಹುಡುಕಿದಳು. ಸಕ್ಕರೆಯೋ ಉಪ್ಪೋ ಎಂದು ನಾಲಿಗೆಗೆ ಹಚ್ಚಿ ನೋಡಿದಳು. ನೀರು ಒಲೆಗೇರಿತು. ನನಗೆ ಕುಣಿಯಬೇಕೆನಿಸಿತು.

ಫ್ರಿಜ್ಜಿನಿಂದ ಹಾಲಿನ ಪಾತ್ರೆ ಹಿಡಿದು ಬರುವಾಗ, ಯಾರೋ ದಾರಿಯಲ್ಲಿ ಬಿಟ್ಟಿದ್ದ ಸ್ಟೂಲಿಗೆ ಎಡವಿ ದಡಾರನೆ ಬಿದ್ದಳು. ಹಾಲೆಲ್ಲ ನೆಲದ ಪಾಲು. ಅಣ್ಣ ಅರ್ಧ ಎದ್ದೇಬಿಟ್ಟ. ಅತ್ತಿಗೆ ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. ವಾರ್ಡನ್ ಕೈಕಟ್ಟಿ ನಿಂತೇ ಇದ್ದರು. ಎಲ್ಲ ಹೋಯಿತು ಎಂದುಕೊಂಡೆ.

ಚಿನಕುರುಳಿ ಎದ್ದಳು. ಮೊಣಕಾಲು ಉಜ್ಜಿಕೊಂಡು ಮೊದಲು ಒಲೆ ಆರಿಸಿದಳು. ನಲ್ಲಿಯ ಪಕ್ಕದಲ್ಲಿ ಬಟ್ಟೆ ಹುಡುಕಿ, ನೆಲದ ಅಂಚಿನಿಂದ ಒಳಕ್ಕೆ ಒರೆಸುತ್ತ ಬಂದು, ಒದ್ದೆ ಉಳಿದಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿದಳು. ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿದಳು. ಆಮೇಲೆ ವಾರ್ಡನ್ ನಿಂತ ಕಡೆಗೆ ಸರಿಯಾಗಿ ಮುಖ ತಿರುಗಿಸಿ, ಇನ್ನೊಂದು ಪ್ಯಾಕೆಟ್ ಹಾಲು ಎಲ್ಲಿದೆ ಎಂದು ಕೇಳಿದಳು, ಅಂಗಡಿಯಲ್ಲಿ ಕೇಳುವ ಹಾಗೆ.

ವಾರ್ಡನ್ ಹೇಳಿದರು. ಅವಳು ಹಾಲು ತಂದು, ಮತ್ತೆ ಒಲೆ ಹಚ್ಚಿ ಟೀ ಕುದಿಸಿದಳು. ಕಪ್ಪಿನ ಅಂಚಿನೊಳಗೆ ಬೆರಳಿಟ್ಟು, ಬಿಸಿ ತಾಗುವವರೆಗೆ ಟೀ ಸುರಿದು, ಟ್ರೇ ಹಿಡಿದು, ಪಾದ ಸರಿಸುತ್ತ ನಮ್ಮತ್ತ ಬಂದಳು. ವಾರ್ಡನ್ ಒಂದು ಗುಟುಕು ಕುಡಿದರು.

"ಸೋಮವಾರ ಹಾಸಿಗೆ ತಗೊಂಡು ಬಾ," ಎಂದರು ಅವಳಿಗೇ.

ನಾನು ನಾಚಿಕೆಯಿಲ್ಲದೆ ಗೊಳೋ ಎಂದು ಅತ್ತೆ. ಅಷ್ಟು ಸಂತೋಷವನ್ನು ಇನ್ನೆಲ್ಲಿ ಇಟ್ಟುಕೊಳ್ಳಲಿ? ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಣ್ಣ ಮಾತ್ರ ಟೀ ಮುಟ್ಟಿರಲಿಲ್ಲ. ಅವನ ಕೈಯಲ್ಲಿ ಸಾಸರಿನ ಮೇಲೆ ಕಪ್ಪು ಟಕಟಕ ಎನ್ನುತ್ತಿತ್ತು. ಚಿನಕುರುಳಿ ಆ ಸದ್ದು ಕೇಳಿ ಹತ್ತಿರ ಬಂದಳು.

"ಅಪ್ಪಾ, ಚೆಲ್ತೀಯ. ಇರು, ನಾನು ಹಿಡ್ಕೋತೀನಿ."

ಅವಳು ಅವನ ಕೈಯ ಕೆಳಗೆ ತನ್ನ ಕೈಯಿಟ್ಟು ಗಟ್ಟಿಯಾಗಿ ಹಿಡಿದಳು. ಅಣ್ಣ ಕೊನೆಯ ಗುಟುಕಿನವರೆಗೂ ಹಾಗೆಯೇ ಕುಡಿದ.