ನೊಣ ನೋಡುವುದಕ್ಕೆ ಸಂಬಳ

ರಜೆಯಲ್ಲಿ ಮಗಳಿಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ, ಸಂಬಳವೂ ಉಂಟು ಎಂದಾಗ ಅಮ್ಮನಿಗೆ ಅನುಮಾನ ಬಂತು. ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸು ಅವಳು. ಕಲಿಯಲು ಬಂದವರಿಗೆ ತಿರುಗಿ ದುಡ್ಡು ಕೊಡುವವರನ್ನು ಅವಳು ಕಂಡಿರಲಿಲ್ಲ.

"ನಮ್ಮಂಥ ಮನೆಯವ್ರು ಲ್ಯಾಬಿನ ಕಡೆ ಬರೋದೇ ಇಲ್ವಲ್ಲಮ್ಮ, ಅದಕ್ಕೇ ಈ ಯೋಜನೆ. ರಜೇಲಿ ಅಂಗಡೀಲಿ ದುಡಿಯೋ ಬದ್ಲು ಇಲ್ಲಿಗೆ ಬನ್ನಿ ಅಂತ ಕೊಡ್ತಾರೆ," ಎಂದು ಮಗಳು ಬಿಡಿಸಿ ಹೇಳಿದಳು.

ಅಮ್ಮ ಹೂಂ ಎಂದಳೇ ಹೊರತು ಒಪ್ಪಲಿಲ್ಲ. ಪಕ್ಕದ ಮನೆಯ ದರ್ಜಿ ಬೇರೆ, "ಹೊಸ ಔಷಧಿ ಮೊದ್ಲು ಬಡವರ ಮೈಮೇಲೇ ನೋಡ್ತಾರಂತೆ ಅಕ್ಕ, ಹುಷಾರು," ಎಂದು ತಲೆಯಲ್ಲಿ ಹುಳ ಬಿಟ್ಟ.

ಮಗಳಿಗೂ ನೆಮ್ಮದಿಯಿರಲಿಲ್ಲ, ಕಾರಣ ಬೇರೆ. ಲ್ಯಾಬಿನಲ್ಲಿ ಅವಳದು ನೊಣಗಳ ಕೆಲಸ. ಕಳಿತ ಹಣ್ಣಿಗೆ ಮುತ್ತುತ್ತವಲ್ಲ, ಆ ಪುಟ್ಟ ನೊಣಗಳು. ಗಾಜಿನ ಕೊಳವೆ ತಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ, ಮತ್ತೆ ಮೇಲೆ ಹತ್ತುತ್ತವೆ. ನರದಲ್ಲಿ ದೋಷವಿದ್ದವು ಅರ್ಧಕ್ಕೇ ಜಾರುತ್ತವೆ. ಎಷ್ಟು ಹತ್ತಿದವು, ಎಷ್ಟು ಬಿದ್ದವು ಎಂದು ಅವಳು ಎಣಿಸಿ ಬರೆದಿಡಬೇಕು. ಕೆಲಸ ಅವಳಿಗೆ ಹಿಡಿಸಿತ್ತು. ಆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಾಕಿದ ಮುಚ್ಚಳವನ್ನೇ ಮತ್ತೆ ಒತ್ತಿ ನೋಡುವಳು, ತೊಳೆದ ಕೈಯನ್ನೇ ತೊಳೆಯುವಳು. ಬಂದ ದಿನವೇ ಹಿರಿಯ ಸಂಶೋಧಕನೊಬ್ಬ, "ಓ, ಯೋಜನೆ ಹುಡುಗಿ ನೀನೇನಾ?" ಎಂದಿದ್ದ. ನಗುತ್ತಲೇ ಅಂದದ್ದು, ಆದರೂ ಅಂಗಾಲಿಗೆ ಹೊಕ್ಕ ಮುಳ್ಳಿನಂತೆ ಆ ಮಾತು ಹೆಜ್ಜೆಹೆಜ್ಜೆಗೂ ಚುಚ್ಚುತ್ತಿತ್ತು. ಅದರ ಮೇಲೆ, ಶುಕ್ರವಾರ ಎಲ್ಲರೆದುರು ನಿಂತು ತನ್ನ ಕೆಲಸ ವಿವರಿಸಬೇಕಿತ್ತು.

ಆ ಗಡಿಬಿಡಿಯಲ್ಲೇ ಒಂದು ಕೊಳವೆ ಒಡೆದು ಬೆರಳು ಕುಯ್ದುಕೊಂಡಳು. ಮನೆಗೆ ಬಂದಾಗ ಅಮ್ಮ ಪಟ್ಟಿ ಸುತ್ತಿದ ಬೆರಳು ಹಿಡಿದು, "ರಕ್ತ ತಗೊಂಡ್ರಾ?" ಎಂದಳು.

"ಗಾಜು ತಾಗಿತು ಕಣಮ್ಮ."

"ನನ್ನ ಹತ್ರ ಮುಚ್ಚಿಡಬೇಡ."

ಮರುದಿನ ಮಗಳು ಕೆಲಸದಲ್ಲಿದ್ದಾಗ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಕಾವಲಿನವನನ್ನು ತಳ್ಳಿಕೊಂಡೇ ಬಂದಿದ್ದಳು ಅಮ್ಮ. ಡಿಪೋದ ನೀಲಿ ಅಂಗಿ, ನೀರು ಸುರಿಯುವ ರಬ್ಬರ್ ಬೂಟು.

ಲ್ಯಾಬಿನ ಮುಖ್ಯಸ್ಥೆಯ ಎದುರು ನಿಂತು, "ನನ್ನ ಮಗಳಿಗೆ ಏನು ಚುಚ್ತಿದೀರಿ ಮೇಡಂ? ನೆಟ್ಟಗೆ ಹೇಳಿ," ಎಂದಳು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಮಗಳಿಗೆ. ಹಿರಿಯ ಸಂಶೋಧಕ ತಲೆಯೆತ್ತಿ ನೋಡುತ್ತಿದ್ದ. ಮೇಡಂ ಮಾತ್ರ ನಗಲಿಲ್ಲ. ಸ್ಟೂಲ್ ಎಳೆದುಕೊಟ್ಟು, "ಕೂತ್ಕೊಳ್ಳಿ. ನಿಮ್ಮ ಮಗಳೇ ತೋರಿಸ್ಲಿ," ಎಂದರು.

ಮಗಳು ಕೊಳವೆ ತಟ್ಟಿದಳು. ಅಮ್ಮ ಕಣ್ಣು ಕಿರಿದಾಗಿಸಿ ಬಗ್ಗಿದಳು.

"ಇದೊಂದ್ಯಾಕೆ ಬೀಳ್ತಾನೇ ಇದೆ?"

"ಅದರ ನರ ಸರಿಯಿಲ್ಲಮ್ಮ. ಮನುಷ್ಯರಿಗೂ ಹೀಗಾಗುತ್ತೆ, ಕೈಕಾಲು ನಡುಗುತ್ತೆ. ಯಾಕೆ ಅಂತ ಹುಡುಕ್ತಿದೀವಿ."

"ಅಯ್ಯೋ ಪಾಪ. ಮತ್ತೆ ಸೂಜಿ?"

"ಯಾರಿಗೂ ಚುಚ್ಚಲ್ಲ! ನೊಣಕ್ಕೂ ಇಲ್ಲ."

ಕೊಳವೆಯಿಂದ ಕೊಳವೆಗೆ ಹೋಗುತ್ತ ಮಗಳು ಎಲ್ಲವನ್ನೂ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅಮ್ಮನಿಗೆ ಅರ್ಧ ತಿಳಿಯಿತೋ ಇಲ್ಲವೋ, ಮುಖ ಮಾತ್ರ ಸಡಿಲಾಯಿತು.

"ನೊಣ ನೋಡೋಕೆ ಸಂಬಳ! ಇಷ್ಟು ವರ್ಷ ನಾನು ಓಡಿಸಿದ್ದೆಲ್ಲ ದಂಡ," ಎಂದು ಎದ್ದಳು. ಮೇಡಂ ಈಗ ಜೋರಾಗಿ ನಕ್ಕರು. ಬಾಗಿಲ ಬಳಿ ಅಮ್ಮ ತಗ್ಗಿದ ದನಿಯಲ್ಲಿ, "ಚೆನ್ನಾಗಿ ಮಾಡ್ತಾಳಾ?" ಎಂದು ಕೇಳಿದಳು.

"ಚೆನ್ನಾಗೇ ಮಾಡ್ತಾಳೆ. ಒಂದ್ಕಡೆ ನಿಲ್ಲಲ್ಲ, ಅಷ್ಟೆ."

"ಹುಟ್ಟಿದಾಗಿಂದ್ಲೂ ಹಾಗೇ ಬಿಡಿ."

ಶುಕ್ರವಾರ ಅವಳು ವಿವರಿಸಿ ಮುಗಿಸಿದೊಡನೆ ಹಿರಿಯ ಸಂಶೋಧಕನೇ ಮೊದಲು ಕೈಯೆತ್ತಿದ. "ಮುದಿ ನೊಣಗಳೂ ಬೀಳ್ತವೆ. ಇದು ವಯಸ್ಸಿನದಲ್ಲ ಅಂತ ಹೇಗೆ ಗೊತ್ತು?"

"ಒಂದೇ ದಿನ ಹುಟ್ಟಿದವನ್ನೇ ತಗೊಂಡಿದೀನಿ."

"ಸರಿ. ಹೆಣ್ಣು ನೊಣಗಳು ಹೆಚ್ಚು ಬೀಳ್ತಿವೆಯಲ್ಲ, ಯಾಕೆ?"

ಅವಳು ತನ್ನ ಲೆಕ್ಕದ ಹಾಳೆಗಳನ್ನು ತಿರುವಿ ನೋಡಿದಳು. "ಗೊತ್ತಿಲ್ಲ. ನೋಡಿ ಹೇಳ್ತೀನಿ."

ಅವನು ನಗದೆ, ಚೇಷ್ಟೆ ಮಾಡದೆ, "ನನಗೂ ಗೊತ್ತಿಲ್ಲ. ನೋಡು," ಎಂದ. ಹೊರಗೆ ಬಂದಾಗ ಮೇಡಂ, ಕಾಲೇಜು ಶುರುವಾದ ಮೇಲೂ ವಾರದ ಕೊನೆಗೆ ಬರುತ್ತೀಯಾ, ಸಂಬಳ ಮುಂದುವರಿಯುತ್ತದೆ ಎಂದು ಕೇಳಿದರು. ಮನೆಯಲ್ಲಿ ಕೇಳಬೇಕು ಎನ್ನುವ ಮೊದಲೇ ಅವಳ ಬಾಯಿಂದ ಹೂಂ ಬಿದ್ದಿತ್ತು.

"ಅಂದ್ರೆ ಭಾನುವಾರಾನೂ ನೀನು ಮನೇಲಿರಲ್ಲ," ಎಂದಳು ಅಮ್ಮ ಆ ರಾತ್ರಿ, ತಟ್ಟೆಗೆ ಅನ್ನ ಹಾಕುತ್ತ.

"ಇರಲ್ಲಮ್ಮ."

ಅಮ್ಮ ಅನ್ನದ ಮೇಲೆ ಇನ್ನೊಂದು ಸೌಟು ಸಾರು ಸುರಿದಳು. "ಹೋಗು. ಈಗ್ಲಾದ್ರೂ ಕೂತು ತಿನ್ನೇ ತಾಯಿ."

ಮಗಳು ತಟ್ಟೆ ಹಿಡಿದು ಕಿಟಕಿಗೂ ಬಾಗಿಲಿಗೂ ಸುತ್ತುತ್ತಲೇ ಇದ್ದಳು. ಹೆಣ್ಣು ನೊಣಗಳೇ ಯಾಕೆ? ತೂಕವೋ, ಮೊಟ್ಟೆಯ ಭಾರವೋ? ಬೆಳಗಾಗುವುದು ಇಷ್ಟು ತಡವೇ ಎನಿಸುತ್ತಿತ್ತು.