ಹಿಂದಿನ ಸೀಟಿನ ಭಾರ

ಗೋಕಾಕದ ಮಾಲಿಂಗ ಮಾಸ್ತರನ ಬಾಯೊಳಗೆ ಅರ್ಧ ಜಿಲ್ಲೆ ಬಾಡಿಗೆಗಿತ್ತು. ಘಟಪ್ರಭಾ ಸ್ಟೇಷನ್ನಿನ "ಯಾತ್ರಿಗಳು ದಯವಿಟ್ಟು ಗಮನಿಸಿ" ಎನ್ನುವ ಹೆಣ್ಣುದನಿ, ಹುಕ್ಕೇರಿ ಬಸ್ಸಿನ ಕಂಡಕ್ಟರನ "ಒಳಗ ಸರಕೋರಿ, ಒಳಗೇನ ಹುಲಿ ಐತೇನ್ರಿ?", ಮಾವನ ಕೆಮ್ಮು, ಪ್ರಿನ್ಸಿಪಾಲರ ಹೂಂಕಾರ, ಯಾರನ್ನು ಕರೆದರೂ ಬರುತ್ತಿದ್ದರು. ಮದುವೆ ಮನೆಗಳಲ್ಲಿ ಊಟಕ್ಕಿಂತ ಮೊದಲು ಅವನನ್ನೇ ಬಡಿಸುತ್ತಿದ್ದರು. "ನಿಮ್ಮ ಸ್ವಂತ ದನಿ ಯಾವುದ್ರಿ?" ಎಂದು ಹೆಂಡತಿ ಸುಜಾತಾ ಕೇಳಿದರೆ, "ಅದು ಮನಿಯೊಳಗಷ್ಟ ಉಡೂದು. ಹೊರಗ ಹಾಕ್ಕೊಂಡ ಹೋದ್ರ ಮಾಸತೈತಿ" ಎನ್ನುತ್ತಿದ್ದ.

ಇಂಥವನಿಗೆ ಒಂದು ಬೇಸಿಗೆ ರಜೆಯಲ್ಲಿ ಹಳೇ ಕಾರಿನ ಹುಚ್ಚು ಹಿಡಿಯಿತು. ಹುಕ್ಕೇರಿಯ ಗುಜರಿ ಅಂಗಡಿಯ ಹಿಂದೆ, ಜಾಲಿಕಂಟಿಯ ನಡುವೆ ಮೂತಿ ಊರಿ ಕೂತಿದ್ದ ಅಂಬಾಸಿಡರ್ ಒಂದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಮನೆ ಬಾಜೂಕಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ. ಪಾನಾ ಯಾವ ಕಡೆ ತಿರುವಿದರೆ ನಟ್ಟು ಬಿಚ್ಚುತ್ತದೆ ಎಂಬುದೂ ತಿಳಿಯದ ಮನುಷ್ಯ. ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಬಾನೆಟ್ಟಿನ ಮೇಲೆ ಆನಿಸಿಡುವುದು, ನೋಡಿಕೋತ ಬಿಚ್ಚುವುದು, ನೋಡಿಕೋತ ಕೂಡಿಸುವುದು. ಕೂಡಿಸಿದ ಮೇಲೂ ಪ್ರತಿ ಸಲ ಒಂದಿಷ್ಟು ನಟ್ಟು ಉಳಿಯುತ್ತಿದ್ದವು. ಅವನ್ನೆಲ್ಲ ಒಂದು ಡಬ್ಬಿಗೆ ಹಾಕಿ, "ಇದು ನಮ್ಮ ಉಳಿತಾಯ ಖಾತೆ" ಅಂದ.

"ಮಂದಿ ಗೋಕಾಕಕ್ಕ ಬಂದ್ರ ಕರದಂಟು ಒಯ್ತಾರ. ನಮ್ಮವರಿಗಿ ಕಾರದ ಅಂಟು ಹತ್ತೇತಿ ನೋಡ್ರಿ" ಎಂದು ಸುಜಾತಾ ಓಣಿಗೆಲ್ಲ ಕೇಳುವಂತೆ ಸಾರಿದಳು. ಸಾರಿದವಳೇ ಸೀಮೆಎಣ್ಣೆಯಲ್ಲಿ ನೆನೆಸಿದ ಬೋಲ್ಟುಗಳನ್ನು ಹಳೇ ಹಲ್ಲುಬ್ರಶ್ಶಿನಿಂದ ತಿಕ್ಕಿಯೂ ಕೊಟ್ಟಳು. ಎಂಜಿನ್ನು ಮೊದಲ ಸಲ ಹೊತ್ತಿದ ದಿನ ಕಾರು ಹೆಸರಿಗೆ ತಕ್ಕಂತೆ ಹೊಗೆ ಕಾರಿತು. ಓಣಿಯ ಕೋಳಿಗಳೆಲ್ಲ ಗಟಾರ ಜಿಗಿದು ಓಡಿದವು. ಗಂಡ ಹೆಂಡತಿ ಮಸಿ ಮುಖದಲ್ಲೇ ನಕ್ಕರು.

ಉಳಿದದ್ದು ಹಿಂದಿನ ಸೀಟು. ಎಡಭಾಗದಲ್ಲಿ ಅದು ಕುಸಿದು ಕೂತಿತ್ತು. ಎತ್ತಿ ನೋಡಿದರೆ, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬಿಳಿ ಅರಿವೆಯ ಪಟ್ಟಿಯೊಂದನ್ನು ಬಿಗಿದು ಗಂಟು ಹಾಕಿತ್ತು. ಸೀಟು ಅಲುಗಾಡದಿರಲೆಂದು ಯಾರೋ ಕಟ್ಟಿದ್ದಾರು ಅಂದುಕೊಂಡ ಮಾಲಿಂಗ, ಗಂಟು ಬಿಚ್ಚುವ ತಾಳ್ಮೆಯಿಲ್ಲದೆ ಕತ್ತರಿ ಹಾಕಿದ. ಒಳಗಿನಿಂದ ಒಂದು ಚಿಟಿಕೆ ವಿಭೂತಿ ಉದುರಿತು. ಅದನ್ನು ಉಫ್ ಎಂದು ಊದಿದ.

ಹೊಸ ಸ್ಪ್ರಿಂಗು, ಹೊಸ ತೆಂಗಿನ ನಾರು, ಹೊಸ ರೆಕ್ಸಿನ್ನು. ಮಾರನೇ ದಿನ ನೋಡಿದರೆ ಎಡಭಾಗ ಮತ್ತೆ ಕುಸಿದಿತ್ತು. ಸ್ಪ್ರಿಂಗು ಬದಲಿಸಿದ. ಮತ್ತೆ ಅಷ್ಟೇ. ಬಾಗಿಲಿನ ತುಕ್ಕು ತಿಕ್ಕಿದ ದಿನ ಶೆಡ್ಡಿನ ತುಂಬ ಕೆಂಪು ಧೂಳೆದ್ದು ಕಾರಿನೊಳಗೆಲ್ಲ ಕೂತಿತು. ಎಲ್ಲ ಕಡೆ ಕೂತಿದ್ದು, ಸೀಟಿನ ಆ ಮೂಲೆಯಲ್ಲಿ ಮಾತ್ರ ಕೂತಿರಲಿಲ್ಲ. ಒಬ್ಬ ಮನುಷ್ಯ ಬೆನ್ನು ಆನಿಸಿ ಕೂತರೆ ಎಷ್ಟು ಜಾಗ ಮುಚ್ಚುತ್ತದೋ ಅಷ್ಟು ಜಾಗ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಬಾಯಿಂದ ಒಂದು ಮಾತು ಬಂತು: "ಎಲ್ಲಿಗಿ ಬಂತು?"

ದಪ್ಪ ದನಿ. ತಂಬಾಕಿನಲ್ಲಿ ಹದವಾದದ್ದು, ಅವಸರವೇ ಇಲ್ಲದ್ದು. ಸುಜಾತಾ ನಕ್ಕಳು. "ಇದು ಯಾರ್ದ್ರಿ ಹೊಸಾ ದನಿ?"

ಮಾಲಿಂಗ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ನಾ ಮಾಡಲಿಲ್ಲ."

ಕಾಲೇಜು ಶುರುವಾದ ಮೇಲೆ ದನಿ ಅಲ್ಲಿಗೂ ಬಂತು. ಪಾಠದ ನಡುವೆ "ಬರಕೋರಿ" ಅನ್ನಲು ಹೋದರೆ "ಕಲ್ಲೋಳಿ ಬಂತೇನು?" ಎಂದಿತು. ಹುಡುಗರು ಬೆಂಚು ಬಡಿದು ನಕ್ಕರು. ಪ್ರಿನ್ಸಿಪಾಲರು ಕರೆದು, "ಮಾಸ್ತರ, ಚ್ಯಾಷ್ಟಿ ಲಗ್ನದಾಗ ಇರ್ಲಿ" ಅಂದರು. ಬಂದ ಬಾಡಿಗೆದಾರ ಇದ್ದವರನ್ನೆಲ್ಲ ಹೊರಗೆ ಹಾಕತೊಡಗಿದ. ಮೊದಲು ಕಂಡಕ್ಟರ ಹೋದ, ಆಮೇಲೆ ಸ್ಟೇಷನ್ನಿನ ಹೆಣ್ಣುಮಗಳು, ಆಮೇಲೆ ಮಾವನ ಕೆಮ್ಮು. ಕಡೆಗೆ ಒಂದು ಮುಂಜಾನೆ ಮಾಲಿಂಗ "ಸುಜಾತಾ, ಚಾ" ಎಂದು ಕೂಗಿದಾಗ, ಕೂಗಿದ್ದು ಅವನಲ್ಲ.

ಅವಳು ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ. "ಆ ದನೀಲೆ ನನ್ನ ಕರೀಬ್ಯಾಡ್ರಿ. ಪರ ಗಂಡಸು ಕರಧಂಗ ಆಕ್ಕೈತಿ." ಚಾ ಸೋಸುತ್ತ, "ನಿಮ್ಮ ದನಿ ಪೂರಾ ಹೋತಂದ್ರ ನಾ ಯಾರ ಕೂಡ ಸಂಸಾರ ಮಾಡ್ಲಿ?" ಅಂದಳು. "ಆ ಗಾಡಿ ಗುಜರಿಗಿ ಹಾಕ್ರಿ."

ಮಾಲಿಂಗ ಗಂಟಲು ಹಿಂಡಿ ತನ್ನ ದನಿಯ ಒಂದು ಎಳೆ ಹೊರಗೆ ತಂದ. "ಗಾಡಿ ಹೋಗಿ ದನಿ ಇಲ್ಲೇ ಉಳದ್ರ?"

ಸುಜಾತಾ ಸುಮ್ಮನೆ ಕೂಡುವ ಹೆಂಗಸಲ್ಲ. ಕಾರಿನ ಮುಂದಿನ ಖಾನೆಯ ಮುಚ್ಚಳದ ಒಳಗೆ, ಮಾಸಿದ ಬಣ್ಣದಲ್ಲಿ "ಅಮೀನಸಾಬ, ಘಟಪ್ರಭಾ ಸ್ಟ್ಯಾಂಡ್" ಎಂದು ಬರೆದದ್ದನ್ನು ಅವಳು ಬ್ರಶ್ಶು ತಿಕ್ಕುವಾಗಲೇ ನೋಡಿದ್ದಳು. "ನಡೀರಿ" ಅಂದಳು.

ಭಾನುವಾರ ಇಬ್ಬರೂ ಅದೇ ಕಾರಿನಲ್ಲಿ ಘಟಪ್ರಭಾಕ್ಕೆ ಹೋದರು. ಗಾಡಿ ದಾರಿಯುದ್ದಕ್ಕೂ ಎಡಕ್ಕೆ ವಾಲಿಕೊಂಡೇ ಓಡಿತು. ಅಮೀನಸಾಬ ಈಗ ಬಾಡಿಗೆ ಗಾಡಿ ಬಿಟ್ಟು ಕಟ್ಟೆ ಹಿಡಿದಿದ್ದ ಮುದುಕ. ಹೆಂಡತಿ ಮದಿನಾಬಿಯೊಂದಿಗೆ ಮನೆ ಮುಂದೆ ಚಾ ಕುಡಿಯುತ್ತಿದ್ದ. ಕಾರಿನ ಬಾಗಿಲು ಹಾಕಿದ ಸಪ್ಪಳಕ್ಕೇ ತಲೆ ಎತ್ತಿದ. "ಅರೆ, ನಮ್ಮ ಗಾಡಿ!"

ಮಾಲಿಂಗ ನಮಸ್ಕಾರ ಹೇಳಲು ಬಾಯಿ ತೆರೆದ. "ಎಲ್ಲಿಗಿ ಬಂತು?"

ಬಸಿಯಲ್ಲಿದ್ದ ಚಾ ಅಮೀನಸಾಬನ ಲುಂಗಿಯ ಮೇಲೆ ಚೆಲ್ಲಿತು. "ಯಾ ಅಲ್ಲಾ. ಇದು ಕಲ್ಲೋಳಿ ಬೆಲ್ಲದ ವ್ಯಾಪಾರದ ಕೆಂಚಪ್ಪಣ್ಣಾರ ದನಿ."

"ಅವರೆಲ್ಲಿ ಅದಾರ ಕಾಕಾ?" ಸುಜಾತಾ ಕೇಳಿದಳು.

"ಎಲ್ಲಿರ್ತಾರ ತಂಗಿ? ತೀರ್ಕೊಂಡ ಎಷ್ಟೋ ವರ್ಷಾತು. ಇಲ್ಲೇ ದವಾಖಾನ್ಯಾಗ ಜೀವ ಹೋತು. ನಿಮ್ಮ ಮಂದ್ಯಾಗ ಕುಂಡ್ರಿಸೇ ಮಣ್ಣ ಕೊಡೂದಲ್ಲ? ಮಲಗಿಸಿ ಒಯ್ದ್ರ ಮೈ ಸೆಟೀತೈತಿ ಅಂತ, ನನ್ನ ಗಾಡ್ಯಾಗ ಎಡಕ್ಕ ಕುಂಡ್ರಿಸಿ, ಬಿಳಿ ಅರಬೀಲೆ ಸೀಟಿಗಿ ಬಿಗದು ಒಯ್ದಿವಿ. ಅವರ ತಮ್ಮ ಬಾಜೂಕ ಕುಂತು ದಾರಿ ತುಂಬ ಹೇಳಕೋತ ಬಂದ. 'ಅಣ್ಣಾ, ರೇಲ್ವೆ ಗೇಟ ಬಂತು. ಅಣ್ಣಾ, ಕಾಲುವಿ ಬಂತು.' ಹಂಗ ಹೇಳಲಿಲ್ಲಂದ್ರ ಜೀವ ದಾರ್ಯಾಗ ಉಳೀತೈತಂತ, ಅವರ ಮನೆತನದ ಪದ್ಧತಿ."

"ಮನಿ ಬಂತು ಅಂತ ಹೇಳಿದ್ರೇನು?"

ಮುದುಕ ಲುಂಗಿ ಝಾಡಿಸುವುದನ್ನು ನಿಲ್ಲಿಸಿದ. "ಹೆಂಗ ಹೇಳ್ತಾನವ್ವಾ? ಕಬ್ಬಿನ ಸೀಜನ್. ಓಣಿ ಬಾಯಾಗ ಕಬ್ಬಿನ ಟ್ರ್ಯಾಲಿ ಪಲ್ಟಿ ಆಗಿ ಬಿದ್ದಿತ್ತು. ಡಾಂಬರ ರಸ್ತೆ ಮ್ಯಾಲೆ ಇಳಿಸ್ಕೊಂಡು, ಕುರ್ಚಿದಾಗ ಕುಂಡ್ರಿಸಿ ಹೊತ್ಕೊಂಡ ಹೋದ್ರು. ರಸ್ತೆ ಮ್ಯಾಲೆ 'ಮನಿ ಬಂತು, ಇಳಿ' ಅನ್ನಾಕ ಅದು ಮನಿ ಅಲ್ಲ. ಮನಿ ಮುಂದ ಅನ್ನಾಕ ಅಲ್ಲಿ ಗಾಡಿ ಇಲ್ಲ." ಅವನು ಕಾರಿನ ಹಿಂದಿನ ಗಾಜಿನ ಕಡೆ ನೋಡಿ ಮುಖ ತಿರುಗಿಸಿದ. "ಅವತ್ತಿನಿಂದ ಗಾಡಿ ಎಡಕ್ಕ ವಾಲಾಕತ್ತಿತು. ಮಾರಿಬಿಟ್ಟೆ."

"ಅವರ ಮನ್ಯಾಗ ಒಂದ ಮಾತ ಹೇಳೂದಲ್ಲ?" ಮದಿನಾಬಿ ಗದರಿದಳು.

"ಏನಂತ ಹೇಳ್ಲಿ? ಹೆಣ ಇಳದೈತಿ, ಭಾರ ಇಳದಿಲ್ಲ ಅಂತನ? ಅಮೀನಸಾಬ ಬಾಡಿಗಿ ಎರಡನೇ ಸಲ ಕೇಳಾಕ ಬಂದಾನ ಅಂತಿದ್ರು!"

ಅಲ್ಲಿಂದ ನೇರವಾಗಿ ಕಲ್ಲೋಳಿ. ಮಳೆಗಾಲ, ಕಬ್ಬಿನ ಗಾಡಿಗಳ ಕಾಟವಿಲ್ಲದೆ ಓಣಿ ಬಾಯಿ ತೆರೆದುಕೊಂಡಿತ್ತು. ಕೆಂಚಪ್ಪನ ಹೆಂಡತಿ ಕಾಶೆವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ತಲೆಬಾಗಿಲಿನ ಒಂದು ಕದ ಹಾರು ಹೊಡೆದಿತ್ತು. ಅದರ ಬುಡದಲ್ಲಿ ಇಟ್ಟ ಕಲ್ಲು ನೆಲದಲ್ಲಿ ಬೇರು ಬಿಟ್ಟಂತಿತ್ತು.

ಕಾರು ನಿಂತಿತು. ಮಾಲಿಂಗ ತುಟಿ ಕಚ್ಚಿ ಹಿಡಿದ. ಹಿಡಿದ ತುಟಿಯನ್ನು ಬಿಡಿಸಿಕೊಂಡು ದನಿ ಹೊರಬಂತು: "ಕಾಶೀ, ಎಲ್ಲಿಗಿ ಬಂತು?"

ಜೋಳ ಪಡಸಾಲೆಯ ತುಂಬ ಚೆಲ್ಲಿತು. ಆ ಹೆಸರನ್ನು ಮಾಲಿಂಗ ಎಲ್ಲೂ ಕೇಳಿರಲಿಲ್ಲ, ಅಮೀನಸಾಬನೂ ಹೇಳಿರಲಿಲ್ಲ. ಮುದುಕಿ ಎದ್ದು ನಿಂತು, "ಯಾರೋ ಭಾಡ್ಯಾ ನೀನು? ಸತ್ತವರ ದನಿ ಕದ್ಕೊಂಡ ಬಂದು ಆಡಸ್ತಿ?" ಎಂದು ಮೊರವನ್ನೇ ಎತ್ತಿದಳು. ಸುಜಾತಾ ಓಡಿಹೋಗಿ ಕೈ ಹಿಡಿದು ಎಲ್ಲ ಹೇಳಿದಳು. ಅರಿವೆಗೆ ಕತ್ತರಿ ಹಾಕಿದ್ದು, ಧೂಳು ಕೂಡದ ಜಾಗ, ಪಲ್ಟಿಯಾದ ಟ್ರ್ಯಾಲಿ. ಕಾಶೆವ್ವ ಪೂರ್ತಿ ಕೇಳಿದಳು. ಆಮೇಲೆ ತೆರೆದ ಕದದ ಕಡೆ ನೋಡಿದಳು. "ಈ ಕದ ಹಾಕಿದ್ರ ನನಗ ನಿದ್ದಿ ಹತ್ತೂದಿಲ್ಲ. ಸೊಸಿ ಬೈತಾಳ, ನಾಯಿ ಬರ್ತಾವ ಅಂತಾಳ. ನನಗೂ ತಿಳೀತಿರಲಿಲ್ಲ ಯಾಕಂತ."

"ಒಂದ ಮಾತ ಅವ್ವಾರ. 'ಮನಿ ಬಂತು, ಇಳೀರಿ' ಅಂದ್ರ ಸಾಕು."

ಕಾಶೆವ್ವ ಚೆಲ್ಲಿದ ಜೋಳ ದಾಟಿದಳು. ಸೆರಗು ಹೊದ್ದುಕೊಂಡು ಬಂದು ಹಿಂದಿನ ಬಾಗಿಲು ತೆಗೆದು, ಕುಸಿದ ಮೂಲೆಯ ಬಾಜೂಕ ಕೂತಳು. "ನನ್ನ ತವರಮನಿ ಮಸಗುಪ್ಪಿ. ಇವರು ಕಾರಿನಾಗ ಒಯ್ತೇನಿ ಅಂದಿದ್ರು, ಒಯ್ಯಲೇ ಇಲ್ಲ. ಅಲ್ಲಿ ತನಕ ಒಂದ ಸಲ ಹೋಗಿ ಬರೂಣು."

ಇಲ್ಲ ಅನ್ನಲು ಮಾಲಿಂಗನಿಗೆ ಬಾಯಿಯೇ ಇರಲಿಲ್ಲ. ಗಾಡಿ ತಿರುಗಿಸಿದ. ಆ ದಾರಿಯಲ್ಲಿ ನಡೆದದ್ದು ಅವನಿಗೆ ಕಡೆತನಕ ಮರೆಯಲಿಲ್ಲ. ಸ್ಟೇರಿಂಗ್ ಅವನ ಕೈಯಲ್ಲಿ, ಬಾಯಿ ಹಿಂದೆ ಕೂತವನ ಕೈಯಲ್ಲಿ. ಕನ್ನಡಿಯಲ್ಲಿ ತನ್ನ ತುಟಿ ಆಡುವುದನ್ನು ಬೇರೆಯವರ ಮನೆಯ ಕಿಟಕಿಯೊಳಗೆ ಇಣುಕಿದಂತೆ ನೋಡಿದ.

"ಎಮ್ಮಿ ಈಯ್ತೇನು, ಕಾಶೀ?"

"ಅದು ಸತ್ತ ಎಷ್ಟ ಕಾಲಾತ್ರಿ. ಈಗ ಅದರ ಮೊಮ್ಮಗಳು ಹಿಂಡತೈತಿ."

"ನೀ ಯಾಕ ಇಷ್ಟ ಬೆಳ್ಳಗಾದಿ?"

"ನಿಮ್ಮ ದಾರಿ ನೋಡಿ."

ಸುಜಾತಾ ಮುಂದಿನ ಸೀಟಿನಲ್ಲಿ ಬೆರಳು ಹೆಣೆದುಕೊಂಡು ಕೂತಿದ್ದಳು. ಮಸಗುಪ್ಪಿಯ ಬೇವಿನ ಮರದವರೆಗೆ ಹೋಗಿ ತಿರುಗಿ, ಮತ್ತೆ ಕಲ್ಲೋಳಿಯ ಮನೆ ಮುಂದೆ ನಿಂತಾಗ ಇನ್ನೂ ಬಿಸಿಲಿತ್ತು. ಕಾಶೆವ್ವ ಇಳಿಯಲಿಲ್ಲ.

"ಇನ್ನೊಂದ ಸುತ್ತ ಹೋಗೂಣು, ಮಾಸ್ತರ?" ಅಂದಳು. ದನಿಯಲ್ಲಿ ಹುಡುಗಿಯ ಆಸೆಯಿತ್ತು. "ನಾಳೆನೂ ಬರ್ರಿ. ರೊಟ್ಟಿ ಮಾಡಿ ಇಡ್ತೇನಿ."

ಮಾಲಿಂಗ ಹೂಂ ಅಂದ. ಅಂದದ್ದು ಕೆಂಚಪ್ಪ. ತನ್ನದೆಂಬ ಆ ಒಂದೆಳೆಯನ್ನು ಅವನು ಗಂಟಲಲ್ಲಿ ತಡಕಾಡಿದ, ಸಿಗಲಿಲ್ಲ.

ಸುಜಾತಾ ಹಿಂದಕ್ಕೆ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ. "ಅವ್ವಾರ, ನಿಮ್ಮವರು ನಿಮಗ ಸಿಕ್ರು. ನನ್ನವರು ಎಲ್ಲಿ ಅದಾರ?"

ಕಾಶೆವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ತಾನು ಕದ ತೆರೆದಿಟ್ಟು ಕೂತ ವರ್ಷಗಳೆಲ್ಲ ಈ ಹುಡುಗಿಯ ಮುಖದಲ್ಲಿ ಬಂದು ಸಾಲಾಗಿ ಕೂಡಲು ತಯಾರಾಗಿದ್ದವು. ಮುದುಕಿ ಮೊಣಕಾಲು ಹಿಡಿದು ಇಳಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಊರಿನಿಂದ ಬಂದವರಿಗೆ ಕಾಲಿಗೆ ಕೊಡುವಂತೆ ಹೊಸ್ತಿಲ ಬದಿಗಿಟ್ಟು, ಎಡಗಡೆಯ ಬಾಗಿಲನ್ನು ಅಗಲ ತೆಗೆದು ನಿಂತಳು.

"ಮನಿ ಬಂತ್ರಿ" ಅಂದಳು. "ಇಳೀರಿ."

ಮಾಲಿಂಗನ ಬಾಯಿ ಕಡೆಯ ಸಲ ಆಡಿತು. "ಬಂತಾ?" ಎಂದಿತು ದನಿ, ನಿದ್ದೆಯಿಂದ ಎದ್ದವನಂತೆ. ಸೀಟಿನ ಸ್ಪ್ರಿಂಗುಗಳು ಒಂದೊಂದಾಗಿ ಕಿರುಗುಟ್ಟಿದವು. ಎಡಕ್ಕೆ ವಾಲಿದ್ದ ಗಾಡಿ ಮೆಲ್ಲಗೆ ಎದ್ದು ಸಮವಾಯಿತು. ಕಾಶೆವ್ವ ಯಾರಿಗೋ ದಾರಿ ಬಿಟ್ಟಂತೆ ಒಂದು ಹೆಜ್ಜೆ ಸರಿದಳು. ಆಮೇಲೆ ಕಾರಿನ ಬಾಗಿಲನ್ನು ತಾನೇ ಧಡ್ಡೆಂದು ಹಾಕಿದಳು. ಮನೆಯೊಳಗೆ ಹೋದಳು. ಬುಡದ ಕಲ್ಲನ್ನು ಸರಿಸಿ, ತೆರೆದಿದ್ದ ಕದವನ್ನೂ ಹಾಕಿ, ಅಗಳಿ ಸರಿಸಿದ ಸಪ್ಪಳ ಹೊರಗೆ ಕೇಳಿತು. ಹೊಸ್ತಿಲ ಬದಿಯ ತಂಬಿಗೆ ಬರಿದಾಗಿತ್ತು. ನೀರು ಚೆಲ್ಲಿದ್ದನ್ನು ಇಬ್ಬರೂ ನೋಡಿರಲಿಲ್ಲ.

ಮರಳುವ ದಾರಿಯಲ್ಲಿ ಮಾಲಿಂಗ ಮಾತಾಡಲಿಲ್ಲ. ಬಾಯಿ ತೆರೆದರೆ ಯಾರು ಬರುತ್ತಾರೋ ಎಂಬ ಅಂಜಿಕೆ. ಸುಜಾತಾಳೂ ಒತ್ತಾಯ ಮಾಡಲಿಲ್ಲ. ಹೊಳೆಯ ಮೇಲಿನ ಪೂಲು ಬಂದಾಗ ಮಾತ್ರ, "ಹೊಳಿ ಬಂತ ನೋಡ್ರಿ" ಅಂದಳು. ಗೋಕಾಕದ ಬಸ್ ಸ್ಟ್ಯಾಂಡ್ ಬಂದಾಗ, "ಸ್ಟ್ಯಾಂಡ್ ಬಂತು" ಅಂದಳು. ಅವನು ತಲೆಯಾಡಿಸಿದ.

ಶೆಡ್ಡಿನ ಮುಂದೆ ಎಂಜಿನ್ ಆರಿಸಿದ ಮೇಲೂ ಅವನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಇಳಿಯಬೇಕೆಂದು ಕಾಲಿಗೆ ಗೊತ್ತಿತ್ತು, ಕಾಲು ಏಳಲಿಲ್ಲ. ಸುಜಾತಾ ಆ ಕಡೆಯಿಂದ ಸುತ್ತು ಹಾಕಿ ಬಂದು ಅವನ ಬಾಗಿಲು ತೆಗೆದಳು.

"ಮನಿ ಬಂತ್ರಿ. ಇಳೀರಿ."

"ಬಂದೆ" ಅಂದ ಮಾಲಿಂಗ. ತೆಳ್ಳಗಿನ, ಸ್ವಲ್ಪ ಒಡಕು, ಮನೆಯಲ್ಲಷ್ಟೇ ಉಡುವ ದನಿ. ಅವನು ಇಳಿದ. ಗಾಡಿ ಸ್ಪ್ರಿಂಗಿನ ಮೇಲೆ ಒಂದು ಆಳಿನಷ್ಟು ಎದ್ದಿತು.