ಮೂರು ಪದ ಹಾಡುವಷ್ಟು ಹೊತ್ತು

"ಎರಡೇ ಸಲ ಅಂತ ಎಣಿಸಿದವರು ಯಾರು?"

ಶಿವಕಾಂತಮ್ಮ ಕೇಳಿದ್ದು ಯಾರನ್ನೂ ಅಲ್ಲ. ಸೇಡಂ ಆಸ್ಪತ್ರೆಯ ಪಡಸಾಲೆಯ ಗೋಡೆಗೆ ಮುಖ ಮಾಡಿ ಕೇಳಿದಳು. ಒಳಗೆ ಡಾಕ್ಟರ್ ಫರಹತ ಈಗಷ್ಟೇ ಮನೆಯಲ್ಲಿ ಬರೆದಿಟ್ಟ ಲೆಕ್ಕದ ಹಾಳೆ ಓದಿದ್ದರು: ಹದಿನೈದು ದಿನದಲ್ಲಿ ಭಾಗ್ಯಜ್ಯೋತಿಗೆ ತಲೆನೋವು ಬಂದದ್ದು ಎರಡೇ ಸಲ. "ಗುಳಗಿ ಛಲೋ ಹಿಡದಾದ, ಹೆಚ್ಚು ಮಾಡೂದು ಬ್ಯಾಡ" ಎಂದು ಹುಡುಗಿಯನ್ನು ತೂಕ ನೋಡಲು ನರ್ಸಿನ ಜತೆ ಕಳಿಸಿದ್ದರು.

ಮೊಮ್ಮಗಳಿಗೆ ಹನ್ನೊಂದು ವರ್ಷ. ನೋವು ಎಡಗಣ್ಣಿನ ಹಿಂದೆ ಮಾತ್ರ. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತುಬೀಳುತ್ತದೆ. ಶಾಲೆಯಲ್ಲಿ ನಾಟಕ ಎಂದರು. ಚಿತ್ತಾಪುರದಲ್ಲಿ ಚಷ್ಮಾ ಹಾಕಿಸಿದರು, ಶಹಾಬಾದದಲ್ಲಿ ಹಲ್ಲು ಕಿತ್ತರು. ಫರಹತ ಮಾತ್ರ, ಮಕ್ಕಳಲ್ಲಿ ಇದು ಅಪರೂಪದ ತಲೆನೋವು, ಸರಿಯಾದ ಅಳತೆಯಲ್ಲಿ ಕೊಟ್ಟರೆ ಒಂದೇ ಬಗೆಯ ಗುಳಗಿಗೆ ಪೂರ್ತಿ ನಿಲ್ಲುತ್ತದೆ ಎಂದಿದ್ದರು. ಅಳತೆ ತಿಳಿಯಬೇಕಾದರೆ ಲೆಕ್ಕ ಬೇಕು: ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು.

ಶಿವಕಾಂತಮ್ಮನಿಗೆ ಗಡಿಯಾರ ನೋಡಲು ಬಾರದು. ನಲವತ್ತು ವರ್ಷ ಮುಧೋಳದ ಮಠದಲ್ಲಿ ಕಂಬಕ್ಕೊರಗಿ ಭಜನೆ ಕೇಳಿದವಳು. ಮೊಮ್ಮಗಳ ತಲೆ ತೊಡೆಗೆ ಬಿದ್ದ ಕೂಡಲೇ ಮನಸ್ಸಿನಲ್ಲೇ ಭಜನೆಯ ಪದ ಶುರುಮಾಡುವಳು. ಮೂರು ಪದ ಮುಗಿಯುವಷ್ಟರಲ್ಲಿ ನೋವು ಬಿಡುತ್ತಿತ್ತು, ಒಮ್ಮೊಮ್ಮೆ ನಾಲ್ಕು. ಗುಳಗಿ ಶುರುವಾದ ಮೇಲೆ ದಿನಕ್ಕೆ ಹತ್ತು ಸಲ ಇದ್ದದ್ದು ಆರಕ್ಕಿಳಿದಿತ್ತು, ಅಷ್ಟೇ. ಸಂಜೆ ಮಗ ಅಂಬರೇಶ ಬಂದೊಡನೆ ಆ ದಿನದ ಲೆಕ್ಕ ಒಪ್ಪಿಸುವಳು. ಅವನು ಎದುರಿಗೇ ಕುಳಿತು, ತಲೆಯಾಡಿಸುತ್ತ ಬರೆಯುತ್ತಿದ್ದ.

ಈಗ ಪಕ್ಕದಲ್ಲೇ ನಿಂತಿದ್ದ ಅವನತ್ತ ತಿರುಗಿದಳು. "ನನ್ನ ಮುಂದ ಕುಂತು ಏನ್ ಬರೀತಿದ್ದಿ? ರಂಗೋಲಿ ಹಾಕ್ತಿದ್ದೇನು?"

"ಅವ್ವಾ, ಮೆಲ್ಲಕ."

"ಹೇಳೋ."

"ಸೊನ್ನಿ ಹಾಕ್ತಿದ್ದೆ. ಪೂರ್ತಿ ಸೊನ್ನಿ ಇದ್ರ ನಂಬಂಗಿಲ್ಲ ಅಂತ ಎರಡು ದಿನ ಒಂದೊಂದು ಹಾಕೀನಿ." ಅವನು ನೆಲ ನೋಡಿದ. "ಚಿಂಚೋಳಿ ಕಡೀ ವಸತಿ ಶಾಲಿಯೊಳಗ ಸೀಟ್ ಸಿಕ್ಕಾದ. ತಬ್ಯತ್ ಸರಿ ಅದ ಅಂತ ಡಾಕ್ಟರ್ ಕಡಿಂದ ಚೀಟಿ ತಾ ಅಂದಾರ. ದಿನಾ ಆರು ಸಲ ಅಂತ ಬರದ್ರ ಈ ಡಾಕ್ಟರಮ್ಮ ಚೀಟಿ ಕೊಡ್ತಾಳೇನು?"

"ಅಲ್ಲಿ ಆಕಿ ಯಾರ ತೊಡಿ ಮ್ಯಾಲ ತಲಿ ಇಡಬೇಕು?"

"ಹೊಂದಕೊಂಡು ಹೋಗ್ತಾಳ ಬಿಡು."

ಅವನಿಗೆ ಮಗಳ ಓದಿನ ಚಿಂತೆಯಿತ್ತು, ಅದು ಅವಳಿಗೂ ಗೊತ್ತು. ಆದರೆ ಹದಿನೈದು ಸಂಜೆ! ದೇವರ ಮುಂದೆ ನಿಂತಷ್ಟೇ ನಿಷ್ಠೆಯಿಂದ ಒಂದೊಂದನ್ನೂ ಒಪ್ಪಿಸಿದ್ದಳು. ತಾಯಿಗೆ ಓದಲು ಬಾರದೆಂಬ ಒಂದೇ ಧೈರ್ಯದ ಮೇಲೆ ಹೊಟ್ಟೆಯ ಮಗ ಅವಳ ಕಣ್ಣೆದುರೇ ಸುಳ್ಳು ಬರೆದಿದ್ದ.

ತೂಕದ ಕೋಣೆಯಿಂದ ಭಾಗ್ಯಜ್ಯೋತಿ ಬಂದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

"ಆಯೀ, ಬಂತು."

ಬಾಗಿಲಲ್ಲಿ ಫರಹತ ಕಾಣಿಸಿಕೊಂಡರು. "ಒಳಗ ಬರ್ರಿ ಆಯಿ. ಆಕಿ ಸಂಗಟ ದಿನಾ ಇರೋರು ನೀವೇ ಅಲ್ರಿ? ಒಂದ್ ಮಾತು ಕೇಳೋದದ."

ಅಂಬರೇಶ ತಾಯಿಯ ಮುಂಗೈ ಹಿಡಿದ. "ಎರಡೇ ಸಲ ಅಂತ ಅಂದುಬಿಡು ಅವ್ವಾ. ಚೀಟಿ ಕೈಗೆ ಬರ್ಲಿ, ಆಮ್ಯಾಲ ನಾನೇ ಖರೇ ಹೇಳ್ತೀನಿ. ನಿನ್ನ ಕಾಲ ಬೀಳ್ತೀನಿ."

ಶಿವಕಾಂತಮ್ಮ ಕೈ ಬಿಡಿಸಿಕೊಂಡು ಮೊಮ್ಮಗಳ ತಲೆಯನ್ನು ಹೊಟ್ಟೆಗೊತ್ತಿಕೊಂಡಳು.

"ಅನ್ನಂಗಿಲ್ಲ."